ಮಗನಿಗೆ ‘ನೃಪತುಂಗ’ ಎಂದು ಹೆಸರಿಡಬಹುದೇ? ಇಟ್ಟವರ ಅನುಭವ ಬೇಕು

ಗುರುಗ್ರಾಮದ ಕನ್ನಡತಿ: ನಮ್ಮ ಮಗನಿಗೆ ಏಳು ತಿಂಗಳು ತುಂಬಿದ್ದು, ಜನನ ಪ್ರಮಾಣಪತ್ರದಲ್ಲಿ ಹೆಸರಿನ ಜಾಗ ಇನ್ನೂ ಖಾಲಿಯಿದೆ. ನನಗೆ ‘ನೃಪತುಂಗ’ ಎಂದಿಡುವ ಆಸೆ. ಇಲ್ಲಿಯವರು ‘ನ್ರಿಪ್‌ತುಂಗ್’ ಎನ್ನುತ್ತಾರೆಂದು ಯಜಮಾನರು ಹಿಂಜರಿಯುತ್ತಿದ್ದಾರೆ. ‘ನೃ’ ಅಕ್ಷರಕ್ಕೆ ಇಂಗ್ಲಿಷಿನಲ್ಲಿ ‘ಯು’ ಬರೆಯಬೇಕೋ ‘ಐ’ ಬರೆಯಬೇಕೋ ದಯವಿಟ್ಟು ತಿಳಿಸಿ.

ಕಲಬುರಗಿಯ ತಂದೆ: ನಾನು ಇಟ್ಟಿದ್ದೇನೆ, ಮಗನಿಗೆ ಈಗ ಹನ್ನೊಂದು ವರ್ಷ. ರಾಷ್ಟ್ರಕೂಟರ ಅರಸ ನೃಪತುಂಗನ ರಾಜಧಾನಿ ಮಾನ್ಯಖೇಟವೆಂದರೆ ನಮ್ಮ ಜಿಲ್ಲೆಯ ಮಳಖೇಡವೇ. ಅಲ್ಲಿಂದ ಅರವತ್ತಕ್ಕೂ ಹೆಚ್ಚು ವರ್ಷ ಆಳಿದ ಅರಸನ ಹೆಸರನ್ನು ಬೆಂಗಳೂರಿನ ರಸ್ತೆಗೂ ವಿಶ್ವವಿದ್ಯಾಲಯಕ್ಕೂ ಇಡುವ ನಾವು ತೊಟ್ಟಿಲಿನ ಮಗುವಿಗೆ ಇಡಲು ಏಕೆ ಅಂಜಬೇಕೆಂದು ಇಡೀ ಬಳಗದೊಡನೆ ವಾದಿಸಿ ಗೆದ್ದೆ. ಸೋತದ್ದು ಕಾಗದಪತ್ರಗಳ ಮುಂದೆ. ಜನನ ಪ್ರಮಾಣಪತ್ರದಲ್ಲಿ ‘ಯು’ ಇತ್ತು, ಆಧಾರ್‌ನಲ್ಲಿ ‘ಐ’ ಬಂತು, ಶಾಲೆಯ ದಾಖಲೆಯಲ್ಲಿ ಎರಡೂ ಇಲ್ಲದೆ ‘ಎನ್’ ಆದ ಮೇಲೆ ನೇರವಾಗಿ ‘ಪಿ’ ಕುಳಿತಿತ್ತು. ಇವನ್ನು ಸರಿಪಡಿಸಲು ಅಫಿಡವಿಟ್‌ಗೂ ನೋಟರಿಗೂ 450 ರೂಪಾಯಿ, ಎರಡು ಪತ್ರಿಕೆಗಳ ಪ್ರಕಟಣೆಗೆ 3,200 ರೂಪಾಯಿ, ನಾಲ್ಕು ದಿನದ ರಜೆ. ಅದರಲ್ಲಿ ಒಂದು ದಿನ, ಗುಮಾಸ್ತರು ಊಟಕ್ಕೆ ಹೋದವರು ಮರಳಲೇ ಇಲ್ಲ.

ಅಮೋಘನ ಅಮ್ಮ: ಈ ಪಾಡು ಬೇಡವೆಂದೇ ನಾವು ಅದೇ ಅರಸನ ‘ಅಮೋಘವರ್ಷ’ ಎಂಬ ಹೆಸರಿನಿಂದ ‘ಅಮೋಘ’ವನ್ನಷ್ಟೇ ತೆಗೆದುಕೊಂಡೆವು. ಅಪರೂಪದ ಹೆಸರೆಂದು ಬೀಗುತ್ತಿದ್ದ ನನಗೆ ಒಂದನೆಯ ತರಗತಿಯಲ್ಲಿ ಇನ್ನಿಬ್ಬರು ಅಮೋಘರು ಎದುರಾದರು. ಆದರೂ ಮಗ ತನ್ನ ಹೆಸರನ್ನು ಎರಡನೆಯ ವರ್ಷಕ್ಕೇ ಸ್ಪಷ್ಟವಾಗಿ ಹೇಳಿದನೆಂಬ ಸಮಾಧಾನವಿದೆ.

ಕಲಬುರಗಿಯ ತಂದೆ: ಅರ್ಧ ಹೆಸರಿಗೆ ಅರ್ಧ ಸಮಾಧಾನ, ತಾಯಿ.

ಅಮೋಘನ ಅಮ್ಮ: ಮಗುವಿನ ನಾಲಿಗೆಗಿಂತ ತಮ್ಮ ಪ್ರತಿಷ್ಠೆ ದೊಡ್ಡದಾದವರಿಂದ ನನಗೆ ಪಾಠ ಬೇಕಿಲ್ಲ, ಸ್ವಾಮಿ.

ನಿವೃತ್ತ ಮೇಷ್ಟ್ರು: ಮೂವತ್ತೆರಡು ವರ್ಷ ಕನ್ನಡ ಕಲಿಸಿದ್ದೇನೆ. ‘ಋ’ ಸ್ವರ. ಸಂಸ್ಕೃತದ ಮೂಲ ಉಚ್ಚಾರಣೆಯಲ್ಲಿ ಅದು ‘ರು’ವೂ ಅಲ್ಲ, ‘ರಿ’ಯೂ ಅಲ್ಲ. ನಮ್ಮಲ್ಲಿಯೂ ಮಹಾರಾಷ್ಟ್ರದಲ್ಲಿಯೂ ಅದು ‘ರು’ವಿನತ್ತ ವಾಲಿತು, ಹಿಂದಿಯವರಲ್ಲಿ ‘ರಿ’ಯತ್ತ ವಾಲಿತು. ಆದ್ದರಿಂದ ಗುರುಗ್ರಾಮದವರ ನಾಲಿಗೆಯನ್ನು ತಪ್ಪೆನ್ನಲು ನಮಗೆ ಹಕ್ಕಿಲ್ಲ. ‘ಕೃಷ್ಣ’ನನ್ನು ಇಂಗ್ಲಿಷಿನಲ್ಲಿ ‘ಐ’ ಹಾಕಿ ಬರೆದು, ಬಾಯಲ್ಲಿ ‘ಕ್ರುಷ್ಣ’ ಎನ್ನುವವರೇ ‘ನೃಪ’ನಿಗೆ ‘ಯು’ ಬೇಕೆಂದು ಹಟ ಹಿಡಿಯುವುದನ್ನು ಕಂಡು ನನಗೆ ನಗು ಬರುತ್ತದೆ. ನನ್ನ ಮೊಮ್ಮಗನಿಗೆ ‘ಋತ’ ಎಂದಿಟ್ಟಾಗ ಸೊಸೆ ಮೂರು ತಿಂಗಳು ನನ್ನೊಡನೆ ಮಾತು ಬಿಟ್ಟಿದ್ದಳೆಂಬುದು ಬೇರೆ ವಿಷಯ.

ಸ್ಯಾನ್ ಹೋಸೆಯ ಮಲೆನಾಡಿಗ: ಮೇಷ್ಟ್ರೇ, ನಗುವುದು ಸುಲಭ. ನಾನು ‘ಐ’ ಬರೆಸಿದೆ. ಹೆಸರಿನ ಮೊದಲ ಮೂರಕ್ಷರ ‘ಎನ್‌ಆರ್‌ಐ’ ಆಗುತ್ತದೆಂದು ಯಾರೂ ಎಚ್ಚರಿಸಲಿಲ್ಲ. ಇಲ್ಲಿನ ಕನ್ನಡ ಶಾಲೆಯ ಹುಡುಗರು ಅವನನ್ನು ‘ಎನ್ನಾರೈ ಪತುಂಗ’ ಎಂದೇ ಕರೆಯುತ್ತಾರೆ. ಮನೆಯಲ್ಲಿ ಮೊಟಕುಗೊಳಿಸಿ ‘ತುಂಗ’ ಎಂದರೆ, ತೀರ್ಥಹಳ್ಳಿಯಿಂದ ಬಂದ ಅತ್ತೆಯವರು, ಗಂಡುಮಗುವಿಗೆ ಹೊಳೆಯ ಹೆಸರೇಕೆ ಎಂದು ಕೇಳಿದರು.

ಕಲಬುರಗಿಯ ತಂದೆ: ಕವಿರಾಜಮಾರ್ಗ ಬರೆದವನ ಹೆಸರನ್ನು ಹೊತ್ತವನು ಇಷ್ಟಕ್ಕೆಲ್ಲ ಕುಗ್ಗಬಾರದು.

ನಿವೃತ್ತ ಮೇಷ್ಟ್ರು: ಬರೆದವನು ಶ್ರೀವಿಜಯನೆಂಬುದು ಬಹುತೇಕ ವಿದ್ವಾಂಸರ ಮತ. ಹೆಸರಿಡುವ ಮೊದಲು ಓದಬೇಕಿತ್ತು.

ಕಲಬುರಗಿಯ ತಂದೆ: ‘ನೃಪತುಂಗದೇವಾನುಮತ’ ಎಂಬ ಮಾತು ಕೃತಿಯಲ್ಲೇ ಇದೆ. ತಾವು ಓದಿದ್ದೀರಷ್ಟೆ?

ನಿವೃತ್ತ ಮೇಷ್ಟ್ರು: ಅನುಮತ ಎಂದರೆ ಒಪ್ಪಿಗೆ ಪಡೆದದ್ದು. ಬರೆದದ್ದು ಎಂಬ ಅರ್ಥ ಯಾವ ನಿಘಂಟಿನಲ್ಲಿದೆ?

ಅಮೋಘನ ಅಮ್ಮ: ಬರೆದವನ ಹೆಸರೇ ಬೇಕಿದ್ದರೆ ‘ಶ್ರೀವಿಜಯ’ ಎಂದಿಡಬಹುದಿತ್ತು. ಗುಮಾಸ್ತರಿಗೂ ಕಷ್ಟವಾಗುತ್ತಿರಲಿಲ್ಲ.

ಗುರುಗ್ರಾಮದ ಕನ್ನಡತಿ: ಎಲ್ಲರಿಗೂ ವಂದನೆಗಳು. ಒಂದು ವರ್ಷದೊಳಗಾದರೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು ಎಂಬುದು ನನಗೆ ಗೊತ್ತಿದೆ. ಉಳಿದಿರುವುದು ಐದು ತಿಂಗಳು. ‘ಯು’ ಬರೆಯಲೋ ‘ಐ’ ಬರೆಯಲೋ?

ಸ್ಯಾನ್ ಹೋಸೆಯ ಮಲೆನಾಡಿಗ: ‘ಯು’.

ನಿವೃತ್ತ ಮೇಷ್ಟ್ರು: ‘ಐ’.