ತಣ್ಣಗಿದ್ದಾಗ ಸರಿ, ಬಿಸಿ ಇದ್ದಾಗ ಸ್ಟಾರ್ಟ್ ಆಗಲ್ಲ: ಹಳೇ ಸ್ಪೋರ್ಟ್ಸ್ ಕಾರಿನಲ್ಲಿ ಎಲ್ಲಿಂದ ಹುಡುಕಲಿ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 1983ರ ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರಿದೆ. ಕೆ-ಜೆಟ್ರಾನಿಕ್ ಇಂಜೆಕ್ಷನ್, ಅಂದರೆ ಪೆಟ್ರೋಲಿನ ಒತ್ತಡದ ಮೇಲೇ ನಡೆಯುವ ಹಳೇ ವ್ಯವಸ್ಥೆ. ಬೆಳಿಗ್ಗೆ ಒಂದೇ ಸೆಲ್ಫಿಗೆ ಎದ್ದುಬಿಡುತ್ತದೆ. ಓಡುವಾಗ ಯಾವ ತಕರಾರೂ ಇಲ್ಲ. ಒಂದು ಗಂಟೆ ಓಡಿಸಿ ನಿಲ್ಲಿಸಿ ಎರಡು ನಿಮಿಷದಲ್ಲಿ ಮತ್ತೆ ಕೀ ತಿರುಗಿಸಿದರೂ ಸರಿಯಾಗೇ ಸ್ಟಾರ್ಟ್ ಆಗುತ್ತದೆ. ಆದರೆ 20 ನಿಮಿಷ ಬಿಟ್ಟು ಬಂದರೆ ಮುಗಿಯಿತು. ಸೆಲ್ಫ್ ಜೋರಾಗಿ ತಿರುಗುತ್ತದೆ, ಎಂಜಿನ್ ಹಿಡಿಯುವುದೇ ಇಲ್ಲ. ಐದಾರು ಸಲ ಹೊಡೆದ ಮೇಲೆ ಒಂದೆರಡು ಸಿಲಿಂಡರ್ ಮಾತ್ರ ಹಿಡಿದು, ನಡುಗಿ ನಡುಗಿ ಆಮೇಲೆ ದಾರಿಗೆ ಬರುತ್ತದೆ. ಮೂರು ಗಂಟೆ ಬಿಟ್ಟರೆ ಮತ್ತೆ ಏನೂ ಆಗಿಲ್ಲದ ಹಾಗೆ!

ಪ್ಲಗ್, ಪ್ಲಗ್ ವೈರ್, ಡಿಸ್ಟ್ರಿಬ್ಯೂಟರ್ ಕ್ಯಾಪ್, ಬ್ಯಾಟರಿ ಎಲ್ಲ ಹೊಸದು ಹಾಕಿಸಿದೆ. ಏನೂ ವ್ಯತ್ಯಾಸ ಆಗಲಿಲ್ಲ. ಈಗ ಮೆಕ್ಯಾನಿಕ್ ಸಿಲಿಂಡರುಗಳಿಗೆ ಪೆಟ್ರೋಲ್ ಹಂಚುವ ಫ್ಯೂಯಲ್ ಡಿಸ್ಟ್ರಿಬ್ಯೂಟರನ್ನೇ ಬದಲಿಸೋಣ ಅನ್ನುತ್ತಿದ್ದಾರೆ. ಅದು ದೊಡ್ಡ ಖರ್ಚು, ಅದಕ್ಕೇ ಭಯ. ಈ ಕಾರನ್ನು ಬಿಟ್ಟುಕೊಡಲು ನನಗೆ ಮನಸ್ಸಿಲ್ಲ.

ಉತ್ತರ 1

ದಯವಿಟ್ಟು ಇನ್ನೊಂದು ಭಾಗವನ್ನೂ ಬದಲಿಸಬೇಡಿ. ನೀವು ಬರೆದ ಹೊತ್ತಿನ ಲೆಕ್ಕದಲ್ಲೇ ಅರ್ಧ ಉತ್ತರ ಇದೆ. ಎಂಜಿನ್ ಆಫ್ ಮಾಡಿದ ತಕ್ಷಣ ನೀರು ಸುತ್ತುವುದು ನಿಲ್ಲುತ್ತದೆ, ಗಾಳಿಯೂ ನಿಲ್ಲುತ್ತದೆ, ಆದರೆ ಕಬ್ಬಿಣದಲ್ಲಿ ತುಂಬಿದ ಬಿಸಿ ಹೋಗಲು ಜಾಗವಿಲ್ಲದೆ ಬಾನೆಟ್ ಒಳಗೇ ಏರುತ್ತದೆ. ಹಾಗಾಗಿ ಕಾರು ಓಡುವಾಗಿನದಕ್ಕಿಂತ ನಿಲ್ಲಿಸಿ ಸ್ವಲ್ಪ ಹೊತ್ತಾದ ಮೇಲೇ ಪೆಟ್ರೋಲ್ ಪೈಪುಗಳು ಜಾಸ್ತಿ ಬಿಸಿಯಾಗುವುದು. ಪೈಪಿನಲ್ಲಿ ಒತ್ತಡ ಉಳಿದಿದ್ದರೆ ಪೆಟ್ರೋಲ್ ಅಷ್ಟು ಬಿಸಿಯಲ್ಲೂ ದ್ರವವಾಗೇ ಇರುತ್ತದೆ. ಒತ್ತಡ ಸೋರಿಹೋಗಿದ್ದರೆ ಕುದಿದು ಆವಿಯಾಗುತ್ತದೆ. ಆಗ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರಿಗೆ ಸಿಗುವುದು ಗುಳ್ಳೆ ಮಾತ್ರ. ಬೆಳಿಗ್ಗೆ ಯಾಕೆ ತೊಂದರೆ ಇಲ್ಲ ಅಂದರೆ, ಆಗ ಆವಿಯೂ ಇಲ್ಲ, ಕೋಲ್ಡ್ ಸ್ಟಾರ್ಟ್ ವಾಲ್ವ್ ಬೇರೆ ಹೆಚ್ಚುವರಿ ಪೆಟ್ರೋಲ್ ಚಿಮ್ಮಿಸುತ್ತದೆ.

ಒಂದು ಸುಲಭದ ಪರೀಕ್ಷೆ ಹೇಳುತ್ತೇನೆ. ಸಮಸ್ಯೆ ಬರುವ ಹೊತ್ತಿಗೆ, ಸೆಲ್ಫ್ ಹೊಡೆಯುವ ಮೊದಲೇ, ಪೆಟ್ರೋಲ್ ಪಂಪಿನ ರಿಲೇ (ಪಂಪಿಗೆ ಕರೆಂಟ್ ಕೊಡುವ ಸ್ವಿಚ್) ತೆಗೆದು ಅಲ್ಲಿ ಫ್ಯೂಸ್ ಇರುವ ವೈರಿನಿಂದ ಪಂಪನ್ನು ಅರ್ಧ ನಿಮಿಷ ಓಡಿಸಿ. ಆಮೇಲೆ ಸ್ಟಾರ್ಟ್ ಮಾಡಿ. ಬೇಗ ಹಿಡಿದರೆ ಒತ್ತಡದ್ದೇ ತೊಂದರೆ. ಪಂಪು ಓಡುವಾಗ ಒಳಬರುವ ಗಾಳಿಯನ್ನು ಅಳೆಯುವ ಏರ್ ಫ್ಲಾಪನ್ನು ಮಾತ್ರ ಎತ್ತಬೇಡಿ, ಎತ್ತಿದರೆ ಸಿಲಿಂಡರುಗಳಿಗೆಲ್ಲ ಪೆಟ್ರೋಲ್ ಸುರಿಯುತ್ತದೆ.

ಉತ್ತರ 2

ಮೇಲಿನವರು ಹೇಳಿದ್ದು ಸರಿ ಇರಬಹುದು, ಆದರೆ ಕಿಡಿ ನೋಡದೆ ಪೆಟ್ರೋಲಿನ ಹಿಂದೆ ಬೀಳಬೇಡಿ. ಕಿಡಿ ಹೊಡೆಸುವ ಇಗ್ನಿಷನ್ ಮಾಡ್ಯೂಲ್, ಅದಕ್ಕೆ ಸಮಯ ತಿಳಿಸುವ ಪಿಕಪ್ ಕಾಯಿಲ್ ಎರಡೂ ಬಿಸಿಯಾದಾಗ ಮಾತ್ರ ಕೈಕೊಡುವುದುಂಟು, ನೀವು ಅವೆರಡನ್ನೂ ಮುಟ್ಟಿಲ್ಲ. ಸ್ಪಾರ್ಕ್ ಟೆಸ್ಟರ್ ಹಾಕಿ, ಅದೂ ಸ್ಟಾರ್ಟ್ ಆಗದೆ ನಿಂತಿರುವಾಗಲೇ. ಆಮೇಲೆ ಒಂದು ಪ್ಲಗ್ ಬಿಚ್ಚಿ ನೋಡಿ. ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ. ಒದ್ದೆಯಾಗಿ ವಾಸನೆ ಹೊಡೆದರೆ ಜಾಸ್ತಿ ಬರುತ್ತಿದೆ, ಅಂದರೆ ಕೋಲ್ಡ್ ಸ್ಟಾರ್ಟ್ ವಾಲ್ವೋ ಇಂಜೆಕ್ಟರೋ ತೊಟ್ಟಿಕ್ಕುತ್ತಿದೆ. ಅಂಥ ಕಾರು ಆಕ್ಸಿಲರೇಟರ್ ಪೂರ್ತಿ ತುಳಿದು ಸೆಲ್ಫ್ ಹೊಡೆದರೆ ಕಪ್ಪು ಹೊಗೆ ಬಿಟ್ಟು ಎದ್ದೇಳುತ್ತದೆ.

ಸೆಲ್ಫೇ ನಿಧಾನವಾಗಿದ್ದರೆ ಅರ್ತ್ ವೈರ್, ಸೊಲೆನಾಯ್ಡ್ ನೋಡಿ ಅನ್ನುತ್ತಿದ್ದೆ, ಯಾಕೆಂದರೆ ತಾಮ್ರದ ಬಿಸಿ 60 ಡಿಗ್ರಿಯಷ್ಟು ಏರಿದರೆ ಅದರ ರೆಸಿಸ್ಟೆನ್ಸ್ ಹೆಚ್ಚುಕಮ್ಮಿ ಕಾಲು ಭಾಗ ಏರುತ್ತದೆ. ನಿಮ್ಮದು ಜೋರಾಗಿ ತಿರುಗುತ್ತಿದೆ, ಅದನ್ನು ಬಿಡಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಎರಡನ್ನೂ ಮಾಡಿದೆ. ಕಿಡಿ ದಪ್ಪಗೆ, ನೀಲಿಯಾಗಿ ಬರುತ್ತಿದೆ. ಪ್ಲಗ್ ಒಣಗಿತ್ತು. ಕಾರನ್ನು ಮತ್ತೆ ಓಡಿಸಿ 20 ನಿಮಿಷ ನಿಲ್ಲಿಸಿ, ಪಂಪನ್ನು ಅರ್ಧ ನಿಮಿಷ ಓಡಿಸಿದ ಮೇಲೆ ಎರಡನೇ ಸೆಲ್ಫಿಗೇ ಸ್ಟಾರ್ಟ್ ಆಯಿತು! ನನಗಂತೂ ನಂಬಲಿಕ್ಕೇ ಆಗಲಿಲ್ಲ. ಹಾಗಾದರೆ ಒತ್ತಡ ಎಲ್ಲಿ ಸೋರುತ್ತಿದೆ ಅಂತ ಕಂಡುಹಿಡಿಯುವುದು ಹೇಗೆ?

ಉತ್ತರ 1

ಈಗ ಗೇಜು ಬೇಕೇ ಬೇಕು. ಕೆ-ಜೆಟ್ರಾನಿಕ್‌ಗೆ ಅಂತಲೇ ವಾಲ್ವ್ ಇರುವ ಗೇಜು ಸಿಗುತ್ತದೆ. ಅದನ್ನು ಫ್ಯೂಯಲ್ ಡಿಸ್ಟ್ರಿಬ್ಯೂಟರಿಗೂ ಎಂಜಿನ್ ಬಿಸಿಗೆ ತಕ್ಕಂತೆ ಒತ್ತಡ ಹೊಂದಿಸುವ ವಾರ್ಮ್-ಅಪ್ ರೆಗ್ಯುಲೇಟರಿಗೂ ನಡುವೆ ಹಾಕಿ. ಎಂಜಿನ್ ಬಿಸಿ ಮಾಡಿ ಆಫ್ ಮಾಡಿ, ಮುಳ್ಳನ್ನೇ ನೋಡುತ್ತಾ ಕೂರಿ. ಮೊದಲು ಒಮ್ಮೆಲೇ ಸ್ವಲ್ಪ ಇಳಿಯುವುದು ಸಹಜ, ಇಂಜೆಕ್ಟರ್ ಮುಚ್ಚಿಕೊಳ್ಳಬೇಕಲ್ವಾ. ಆಮೇಲೆ ನಿಲ್ಲಬೇಕು. ಎಷ್ಟು ನಿಮಿಷಕ್ಕೆ ಎಷ್ಟು ಉಳಿಯಬೇಕು ಅನ್ನುವುದು ನಿಮ್ಮ ಕಾರಿನ ಮ್ಯಾನ್ಯುಯಲ್‌ನಲ್ಲಿರುತ್ತದೆ.

ನಿಲ್ಲದೆ ಇಳಿದರೆ, ಗೇಜಿನ ವಾಲ್ವ್ ಮುಚ್ಚಿ ಮತ್ತೆ ಮಾಡಿ. ಈಗ ನಿಂತರೆ ಸೋರಿಕೆ ವಾರ್ಮ್-ಅಪ್ ರೆಗ್ಯುಲೇಟರ್ ಕಡೆ. ಆಗಲೂ ಇಳಿದರೆ, ಆಫ್ ಮಾಡಿದ ಕೂಡಲೇ ಟ್ಯಾಂಕಿನಿಂದ ಪಂಪಿಗೆ ಬರುವ ರಬ್ಬರ್ ಹೋಸನ್ನು ಕ್ಲ್ಯಾಂಪಿನಿಂದ ಅದುಮಿ. ಅದುಮಿದಾಗ ಮುಳ್ಳು ನಿಂತರೆ ಪೆಟ್ರೋಲ್ ಹಿಂದಕ್ಕೆ ಹೋಗದಂತೆ ತಡೆಯುವ, ಪಂಪಿನ ಬಾಯಲ್ಲಿರುವ ಚೆಕ್ ವಾಲ್ವ್ ಹೋಗಿದೆ. ಇಲ್ಲದಿದ್ದರೆ ಟ್ಯಾಂಕಿಗೆ ವಾಪಸ್ ಹೋಗುವ ಹೋಸನ್ನು ಅದುಮಿ ನೋಡಿ. ಆಗ ನಿಂತರೆ ಫ್ಯೂಯಲ್ ಡಿಸ್ಟ್ರಿಬ್ಯೂಟರಿನ ಪ್ರೆಷರ್ ರೆಗ್ಯುಲೇಟರಿನಲ್ಲಿರುವ ಒಂದು ಸಣ್ಣ ಓ-ರಿಂಗ್ ಮೇಲೆ ಅನುಮಾನ ಪಡಬಹುದು, ಅದಕ್ಕೋಸ್ಕರ ಇಡೀ ಡಿಸ್ಟ್ರಿಬ್ಯೂಟರ್ ಎಸೆಯಬೇಕಾಗಿಲ್ಲ. ಆಫ್ ಮಾಡಿದ ಮೇಲೂ ಒತ್ತಡ ಹಿಡಿದಿಡುವ ಅಕ್ಯುಮುಲೇಟರಿನ ಹಿಂಬದಿಯ ಸಣ್ಣ ಹೋಸನ್ನೂ ಬಿಚ್ಚಿ ನೋಡಿ. ಅಲ್ಲಿಂದ ಪೆಟ್ರೋಲ್ ಬಂದರೆ ಒಳಗಿನ ಡಯಾಫ್ರಮ್ (ಪೊರೆ) ಹರಿದಿದೆ.

ಗೇಜನ್ನು ಎಂಜಿನ್ ತಣ್ಣಗಿರುವಾಗಲೇ ಕೂರಿಸಿ. ಬಿಚ್ಚುವಾಗ ಪೆಟ್ರೋಲ್ ಚಿಮ್ಮುತ್ತದೆ, ಕನ್ನಡಕ ಹಾಕಿಕೊಳ್ಳಿ, ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವ ಹಾಗಿರಲಿ.

ಪ್ರಶ್ನೆ ಕೇಳಿದವರು

ಗೇಜು ಎರವಲು ಸಿಕ್ಕಿತು. ಓಡುವಾಗ ಸಿಸ್ಟಮ್ ಒತ್ತಡ 4.8 ಬಾರ್ ಇತ್ತು, ಆಫ್ ಮಾಡಿ ನಾಲ್ಕೇ ನಿಮಿಷಕ್ಕೆ ಸೊನ್ನೆ. ಗೇಜಿನ ವಾಲ್ವ್ ಮುಚ್ಚಿದರೂ ಅದೇ ಕಥೆ. ಟ್ಯಾಂಕ್ ಕಡೆಯ ಹೋಸ್ ಅದುಮಿದೆ, ಮುಳ್ಳು ನಿಂತಲ್ಲೇ ನಿಂತಿತು. ಚೆಕ್ ವಾಲ್ವೇ! ಅಂಗೈಯಲ್ಲಿ ಮುಚ್ಚಿಡಬಹುದಾದಷ್ಟು ಚಿಕ್ಕ ಭಾಗ. ಹೊಸ ತಾಮ್ರದ ವಾಷರ್ ಜೊತೆ ಹೊಸದು ಹಾಕಿದೆ, ಈಗ 20 ನಿಮಿಷ ಆದ ಮೇಲೂ 2.1 ಬಾರ್ ಇದೆ, ಮೊದಲ ಸೆಲ್ಫಿಗೇ ಹಿಡಿಯುತ್ತದೆ. ಒಂದು ಸಿಲಿಂಡರ್ ಮಾತ್ರ ಮೊದಲ ಎರಡು ಮೂರು ಸೆಕೆಂಡ್ ತಡವರಿಸುತ್ತದೆ. ಭಾನುವಾರ ಇಂಜೆಕ್ಟರುಗಳನ್ನು ಬಿಚ್ಚಿ ಯಾವುದಾದರೂ ತೊಟ್ಟಿಕ್ಕುತ್ತಿದೆಯಾ ಅಂತ ನೋಡಿ ಇಲ್ಲೇ ಬರೆಯುತ್ತೇನೆ.