ಆಡಿನ ಮರಿಗಳ ಕಜ್ಜಿ, ನುಸಿ, ಬಾಯಿ ಹುಣ್ಣು: ಇವತ್ತು ಡಾಕ್ಟರನ್ನು ಕೇಳಿ

ಅಡ್ಮಿನ್: ನಮಸ್ಕಾರ. ಪುಣೆ ಸುತ್ತ ಆಡು ಸಾಕುವ ನಮ್ಮ ಕನ್ನಡದವರಿಗೆ ಉತ್ತರ ಕೊಡಲು ಪಶುವೈದ್ಯರು ರಾತ್ರಿ 9ರವರೆಗೆ ಇರುತ್ತಾರೆ. ನಿಮ್ಮ ಊರು, ಮರಿಯ ವಯಸ್ಸು, ತೂಕ ಬರೆದು ಕೇಳಿ.

ಹಡಪಸರ: ನಮಸ್ಕಾರ ಸರ್. ಒಂದೂವರೆ ತಿಂಗಳ ಉಸ್ಮಾನಾಬಾದಿ ತಳಿಯ ಮರಿ. ಕಿವಿ ಅಂಚಲ್ಲಿ, ಕಣ್ಣಿನ ಸುತ್ತ ಕೂದಲು ಉದುರಿ ಬೂದಿ ಬಣ್ಣದ ಹಕ್ಕಳೆ ಕಟ್ಟಿದೆ. ದಿನವಿಡೀ ಕಂಬಕ್ಕೆ ಮೈ ಉಜ್ಜುತ್ತದೆ.

ಡಾಕ್ಟರ್: ನುಸಿ ಕಜ್ಜಿ ಇರಬಹುದು. ಹಕ್ಕಳೆಯ ಅಂಚನ್ನು ಕೆರೆದು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಖಾತ್ರಿಯಾಗುತ್ತದೆ. ನುಸಿಯೇ ಆದರೆ ಅದನ್ನು ಕೊಲ್ಲುವ ಐವರ್‌ಮೆಕ್ಟಿನ್ ಇಂಜೆಕ್ಷನ್, ಚರ್ಮದ ಕೆಳಗೆ. 1% ಔಷಧಿ 50 ಕೆಜಿಗೆ 1 ಎಂಎಲ್. ಅಂದರೆ 5 ಕೆಜಿ ಮರಿಗೆ 0.1 ಎಂಎಲ್ ಅಷ್ಟೇ. ಅಂದಾಜು ಬೇಡ, ತೂಗಿ. ಹತ್ತಿರದ ಡಾಕ್ಟರ್ ಕೈಯಲ್ಲೇ ಹಾಕಿಸಿ. ಮೊಟ್ಟೆಗಳು ಸಾಯುವುದಿಲ್ಲ, ಹಾಗಾಗಿ 10ರಿಂದ 14 ದಿನಕ್ಕೆ ಇನ್ನೊಮ್ಮೆ ಬೇಕು. ತಾಯಿ, ಜೊತೆಯ ಆಡುಗಳು, ಎಲ್ಲಕ್ಕೂ ಒಟ್ಟಿಗೇ ಚಿಕಿತ್ಸೆ ಆಗಬೇಕು.

ವಾಘೋಲಿ: ಸರ್, ನನಗೊಂದು ಫಾರ್ವರ್ಡ್ ಬಂದಿದೆ. "ಹಳೇ ಇಂಜಿನ್ ಆಯಿಲ್‌ಗೆ ಗಂಧಕ ಕಲಸಿ ಮೈಗೆಲ್ಲ ಹಚ್ಚಿ, ಮೂರೇ ದಿನದಲ್ಲಿ ಕಜ್ಜಿ ಮಾಯ." ಹಚ್ಚಬಹುದಾ?

ಡಾಕ್ಟರ್: ಬೇಡ. ಮರಿ ತನ್ನ ಮೈ ನೆಕ್ಕುತ್ತದೆ, ತಾಯಿ ಮರಿಯನ್ನು ನೆಕ್ಕುತ್ತದೆ. ಆ ಆಯಿಲ್ ಹೊಟ್ಟೆಗೇ ಹೋಗುತ್ತದೆ. ಎಳೆ ಚರ್ಮ ಸುಡುತ್ತದೆ.

ಲೋಣಿ ಕಾಳಭೋರ: ಸರ್, ನಮ್ಮದು ಎರಡು ತಿಂಗಳ ಮೂರು ಮರಿ. ತುಟಿ ಸುತ್ತ ದಪ್ಪ ಕಂದು ಹಕ್ಕಳೆ, ಮುಟ್ಟಿದರೆ ರಕ್ತ. ತುರಿಕೆ ಇಲ್ಲ. ಹಾಲು ಕುಡಿಯಲು ಹೋಗಿ ಬಾಯಿ ಹಿಂದಕ್ಕೆ ಎಳೆದುಕೊಂಡು ಬಿಡುತ್ತವೆ. ತಾಯಿ ಮೊಲೆಯ ಮೇಲೂ ಹುಣ್ಣು ಕಾಣುತ್ತಿದೆ. ಕಜ್ಜಿ ಅಂತ ಐವರ್‌ಮೆಕ್ಟಿನ್ ಹಾಕಿಸಿದೆ, ಕಡಿಮೆ ಆಗಲಿಲ್ಲ. ಬಾಟಲಿ ಹಾಲು ಕುಡಿಸುವ ಮಗಳ ಬೆರಳಿಗೂ ಒಂದು ಗುಳ್ಳೆ ಎದ್ದಿದೆ.

ಡಾಕ್ಟರ್: ಅಣ್ಣಾ, ಮೊದಲು ಮಗಳು. ಇವತ್ತೇ ಮನುಷ್ಯರ ಡಾಕ್ಟರ್‌ಗೆ ತೋರಿಸಿ. "ಮನೆಯ ಆಡುಮರಿಗೆ ಬಾಯಿ ಹುಣ್ಣಿದೆ" ಅಂತ ಬಾಯಿ ಬಿಟ್ಟು ಹೇಳಿ, ಇಲ್ಲದಿದ್ದರೆ ಅವರಿಗೆ ಗೊತ್ತಾಗುವುದಿಲ್ಲ. ಗುಳ್ಳೆ ಕೆರೆಯಬೇಡಿ, ಒಡೆಯಬೇಡಿ, ಮುಚ್ಚಿಡಿ.

ಇದು ನುಸಿ ಅಲ್ಲ ಅನ್ನಿಸುತ್ತಿದೆ. ತುರಿಕೆ ಇಲ್ಲ, ತುಟಿಯಲ್ಲೇ ಹಕ್ಕಳೆ, ತಾಯಿ ಮೊಲೆಗೂ ದಾಟಿದೆ, ಕೈಗೂ ಬಂದಿದೆ. ಇವೆಲ್ಲ ಆರ್ಫ್ ಎಂಬ ವೈರಸ್ ರೋಗದ ಗುರುತು. ವೈರಸ್‌ಗೆ ಐವರ್‌ಮೆಕ್ಟಿನ್ ಕೆಲಸ ಮಾಡುವುದಿಲ್ಲ. ಸಾಮಾನ್ಯವಾಗಿ ಮೂರ್ನಾಲ್ಕು ವಾರದಲ್ಲಿ ತಾನಾಗಿ ಒಣಗುತ್ತದೆ. ಮರಿ ಸಾಯುವುದು ಹುಣ್ಣಿನಿಂದಲ್ಲ, ಹಸಿವಿನಿಂದ. ಹಾಲು ಹಿಂಡಿ, ಉಗುರು ಬೆಚ್ಚಗೆ ಬಾಟಲಿಯಲ್ಲಿ ಕುಡಿಸಿ. ಪ್ರತಿ ಸಲ ಕೈಗೆ ಗ್ಲೌಸ್ ಇರಲಿ. ಮುಳ್ಳಿನ ಸೊಪ್ಪು ಹಾಕಬೇಡಿ. ಹಕ್ಕಳೆ ಕೀಳಬೇಡಿ. ತಾನಾಗಿ ಉದುರಿದ್ದನ್ನು ಗುಡಿಸಿ ಸುಟ್ಟುಬಿಡಿ, ಒಣಗಿದ ಹಕ್ಕಳೆಯಲ್ಲಿ ವೈರಸ್ ಬಹಳ ಕಾಲ ಬದುಕಿರುತ್ತದೆ.

ಇನ್ನೊಂದು ಭಯ ನನಗಿದೆ. ಮರಿಗಳಿಗೆ ಜ್ವರ, ಮೂಗಿನಲ್ಲಿ ಸಿಂಬಳ, ಭೇದಿ ಇದೆಯಾ? ಇದ್ದರೆ ಪಿಪಿಆರ್ ಎಂಬ ಆಡು-ಕುರಿಗಳ ವೈರಸ್ ರೋಗ ಇರಬಹುದು, ಅದು ಹಿಂಡನ್ನೇ ಉಳಿಸುವುದಿಲ್ಲ. ಥರ್ಮಾಮೀಟರ್ ಇಟ್ಟು ನೋಡಿ ತಿಳಿಸಿ.

ಚಾಕಣ: ಸರ್ ನಮ್ಮ ಮರಿಗೂ ಕಜ್ಜಿ, ಎಷ್ಟು ಎಂಎಲ್ ಹಾಕಲಿ?

ಡಾಕ್ಟರ್: ಮೇಲೆ ಬರೆದಿದ್ದೇನೆ.

ಮುಂಢವಾ: ವಾಘೋಲಿಯವರು ಹೇಳಿದ ಇಂಜಿನ್ ಆಯಿಲ್ ನಮ್ಮ ಅಜ್ಜನ ಕಾಲದಿಂದ ಹಚ್ಚುತ್ತಿದ್ದೇವೆ. ಒಂದೂ ಸತ್ತಿಲ್ಲ.

ಹಡಪಸರ: ದೊಡ್ಡ ಆಡಿಗೆ ತಡೆದಿದ್ದು ಮರಿಗೂ ತಡೆಯುತ್ತದೆ ಅಂತ ಯಾರು ಹೇಳಿದರು?

ಮುಂಢವಾ: ಅನುಭವ ಹೇಳಿತು. ನೀವು ನಿನ್ನೆ ಮೊನ್ನೆ ಆಡು ಕಟ್ಟಿದವರು.

ಹಡಪಸರ: ಮರಿ ಸತ್ತರೆ ನಷ್ಟ ಕಟ್ಟಿಕೊಡುತ್ತೀರಾ?

ಉರುಳಿ ಕಾಂಚನ: ಸರ್, ಬೋಯರ್ ಮಿಶ್ರ ತಳಿಯ ಮರಿಗೆ ವಿಮೆ ಸಿಗುತ್ತದಾ?

ವಾಘೋಲಿ: ಇನ್ನೊಂದು ಬಂದಿದೆ ಸರ್. ತಂಬಾಕು ನೆನೆಸಿದ ನೀರಲ್ಲಿ ಮರಿಗೆ ಸ್ನಾನ. ಇದಾದರೂ...

ಡಾಕ್ಟರ್: ತಂಬಾಕಿನ ವಿಷ ಚರ್ಮದಿಂದಲೇ ಒಳಗೆ ಹೋಗುತ್ತದೆ. ಮರಿ ನಡುಗಿ ಬಿದ್ದು ಸಾಯುತ್ತದೆ. ದಯವಿಟ್ಟು ಫಾರ್ವರ್ಡ್ ನಿಲ್ಲಿಸಿ. ಇದನ್ನು ಓದಿ ಯಾರೋ ಒಬ್ಬರು ಇವತ್ತೇ ಮಾಡಿಬಿಡುತ್ತಾರೆ.

ಮುಂಢವಾ: ಡಾಕ್ಟರಿಗೆ ನಮ್ಮ ಮದ್ದೆಲ್ಲ ವಿಷ. ಮೆಡಿಕಲ್ ಅಂಗಡಿಯದ್ದು ಮಾತ್ರ ಅಮೃತ.

ಡಾಕ್ಟರ್: ಐವರ್‌ಮೆಕ್ಟಿನ್ ಜಾಸ್ತಿಯಾದರೂ ಮರಿ ಸಾಯುತ್ತದೆ. ಅದಕ್ಕೇ ತೂಗಿ ಅಂದೆ.

ಚಾಕಣ: ಸರ್ ತೂಕ ಗೊತ್ತಿಲ್ಲ, 1 ಎಂಎಲ್ ಸಾಕಾ?

ಡಾಕ್ಟರ್: ಬೇಡ! 5 ಕೆಜಿ ಮರಿಯಾದರೆ ಅದು ಹತ್ತು ಪಟ್ಟು. ತೂಗದೆ ಸೂಜಿ ಮುಟ್ಟಬೇಡಿ.

ಅಡ್ಮಿನ್: ಎಲ್ಲರೂ ಸಮಾಧಾನವಾಗಿ ಬರೆಯಿರಿ. ಅಜ್ಜನ ಜಗಳ ಇಲ್ಲಿಗೆ ಸಾಕು.

ಮುಂಢವಾ: ನನ್ನ ಅಜ್ಜನ ಹೆಸರು ಎತ್ತಬೇಡಿ.

ಲೋಣಿ ಕಾಳಭೋರ: ಸರ್, ಮೂರಕ್ಕೂ ಜ್ವರ ನೋಡಿದೆ. ಎರಡಕ್ಕೆ 102.8. ಚಿಕ್ಕದಕ್ಕೆ 105. ಮೂಗು ಕಟ್ಟಿದೆ, ಭೇದಿ ಇಲ್ಲ. ಮಗಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಾರೆ.

ಡಾಕ್ಟರ್: ಮಗಳದು ಒಳ್ಳೆಯದಾಯಿತು. 102.8 ಆಡಿಗೆ ಸಹಜ, 105 ಜ್ವರವೇ. ಆ ಮರಿಯನ್ನು ಈಗಲೇ ಬೇರೆ ಕಟ್ಟಿ, ಅದರ ನೀರಿನ ಪಾತ್ರೆಯೂ ಬೇರೆ. 1962ಕ್ಕೆ ಫೋನ್ ಮಾಡಿ, ಪಶು ಆಸ್ಪತ್ರೆ ಗಾಡಿ ಕೇಳಿ. ಬಂದವರಿಗೆ ಹಕ್ಕಳೆ, ಮೂಗಿನ ಸ್ಯಾಂಪಲ್ ತೆಗೆಯಲು ಹೇಳಿ. ಪುಣೆಯ ಔಂಧ್‌ನಲ್ಲಿ ಪಶು ರೋಗ ಪತ್ತೆ ಲ್ಯಾಬ್ ಇದೆ. ಫಲಿತಾಂಶ ಬರುವವರೆಗೆ ಒಂದು ಮರಿಯನ್ನೂ ಸಂತೆಗೆ ಕಳಿಸಬೇಡಿ. ಮರಿಯ ಮುಖದ ಫೋಟೋ ಹತ್ತಿರದಿಂದ ತೆಗೆದು ನನಗೆ ಕಳಿಸಿ, 9 ಆದಮೇಲೂ ನೋಡುತ್ತೇನೆ.