ಇಂಗ್ಲಿಷ್ ಪದಗಳ ಮೂಲ ತಿಳಿದು ಕಲಿಯುವುದು ಹೇಗೆ? ಅನುಭವ ಹಂಚಿಕೊಳ್ಳಿ

ಸೋಮವಾರಪೇಟೆಯಿಂದ ಪ್ರಶ್ನೆ: ಪಿಯುಸಿ ಓದುತ್ತಿರುವ ಮಗಳು ಇಂಗ್ಲಿಷ್ ಪದಗಳ ಅರ್ಥವನ್ನು ಬಾಯಿಪಾಠ ಮಾಡುತ್ತಾಳೆ, ಪರೀಕ್ಷೆ ಮುಗಿದೊಡನೆ ಮರೆಯುತ್ತಾಳೆ. ಪದದ ಮೂಲ ತಿಳಿದರೆ ನೆನಪು ಉಳಿಯುತ್ತದೆಯೆಂದು ಕೇಳಿದ್ದೇನೆ. ಹಾಗೆ ಕಲಿತವರು, ಕಲಿಸಿದವರು ದಯವಿಟ್ಟು ತಿಳಿಸಿ.

ಮಡಿಕೇರಿಯಿಂದ: ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ನನಗೆ, ಮನೆಯ ಸುತ್ತ ಕಾಣುವ ವಸ್ತುಗಳ ಹೆಸರಿನಿಂದ ತೊಡಗುವುದೇ ಮೇಲೆಂದು ತೋರಿದೆ. ತೋಟದ ಸಿಲ್ವರ್ ಓಕ್ ಮರಗಳಿಗೆ ಹಬ್ಬಿದ ಕರಿಮೆಣಸನ್ನೇ ನೋಡಿ. ‘ಪೆಪ್ಪರ್’ ಎಂಬ ಹೆಸರು ಭಾರತದ ‘ಪಿಪ್ಪಲಿ’ಯಿಂದ ಹೊರಟು, ಗ್ರೀಕರ ‘ಪೆಪೆರಿ’, ಲ್ಯಾಟಿನ್ನಿನ ‘ಪಿಪೆರ್’ ಆಗಿ ಇಂಗ್ಲಿಷನ್ನು ಸೇರಿತು. ಆದರೆ ಪಿಪ್ಪಲಿಯೆಂದರೆ ನಾವು ಕಷಾಯಕ್ಕೆ ಹಾಕುವ, ಗಿಡ್ಡ ಕಡ್ಡಿಯಂತೆ ಕಾಣುವ ಹಿಪ್ಪಲಿ. ಅದರ ಹೆಸರು ಕಾಲಕ್ರಮದಲ್ಲಿ ಅದೇ ಕುಲದ ಕರಿಮೆಣಸಿಗೆ ಅಂಟಿಕೊಂಡಿತು. ಗ್ರಂಥಿಗೆ ಅಂಗಡಿಯಿಂದ ಹಿಪ್ಪಲಿ ತಂದು, ಮೆಣಸಿನ ಕಾಳಿನ ಜೊತೆಗೆ ಮಕ್ಕಳ ಅಂಗೈಯಲ್ಲಿಟ್ಟು ಇದನ್ನು ಹೇಳಿದ ಮೇಲೆ ಯಾರಿಗೂ ಮತ್ತೊಮ್ಮೆ ಹೇಳಬೇಕಾಗಲಿಲ್ಲ. ನಮ್ಮ ಕಿತ್ತಳೆಯ ಇಂಗ್ಲಿಷ್ ಹೆಸರೂ ಹಾಗೆಯೇ: ಸಂಸ್ಕೃತದ ‘ನಾರಂಗ’ ಪರ್ಷಿಯನ್, ಅರಬ್ಬಿ ಭಾಷೆಗಳನ್ನು ದಾಟಿ ಯುರೋಪಿಗೆ ಹೋದ ಮೇಲೆ ಮೊದಲಿನ ‘ನ’ಕಾರವನ್ನು ಕಳೆದುಕೊಂಡು ‘ಆರೆಂಜ್’ ಆಯಿತು.

ವಿರಾಜಪೇಟೆಯಿಂದ: ಮೇಷ್ಟರ ಮಾತಿಗೆ ಒಂದನ್ನು ಸೇರಿಸುತ್ತೇನೆ. ಬಿಡಿಪದವನ್ನು ಕಲಿಯುವ ಬದಲು ಅದರ ಇಡೀ ಬಳಗವನ್ನು ಕಲಿಯಲಿ. ನಾವು ದಿನವೂ ಆಡುವ ‘ಎಸ್ಟೇಟ್’, ‘ಸ್ಟೇಟ್’, ‘ಸ್ಟೇಷನ್’ ಎಲ್ಲವೂ ‘ನಿಲ್ಲು’ ಎಂಬರ್ಥದ ಒಂದೇ ಲ್ಯಾಟಿನ್ ಧಾತುವಿನವು. ನಮ್ಮ ‘ಸ್ಥಾನ’, ‘ಸ್ಥಿತಿ’ಗಳ ‘ಸ್ಥಾ’ ಧಾತುವೂ ಅದಕ್ಕೆ ಬಂಧು. ದೊಡ್ಡ ನಿಘಂಟುಗಳಲ್ಲಿ ಈ ವಿವರ ಹೆಚ್ಚಾಗಿ ಚೌಕ ಆವರಣದೊಳಗೆ ಇರುತ್ತದೆ. ಪುಟ್ಟ ಶಾಲಾ ನಿಘಂಟುಗಳಲ್ಲಿ ಅದು ಇರುವುದು ಅಪರೂಪವಾದ್ದರಿಂದ, ಗ್ರಂಥಾಲಯಕ್ಕೆ ಹೋಗಿ ನೋಡುವುದು ಒಳ್ಳೆಯದು.

ಕುಶಾಲನಗರದಿಂದ: ಒಂದು ಎಚ್ಚರಿಕೆ ಅಗತ್ಯ. ಮೂಲಾರ್ಥವೇ ಇಂದಿನ ಅರ್ಥವೆಂದು ಮಗು ತಿಳಿಯಬಾರದು. ‘ನೈಸ್’ ಪದದ ಮೂಲವಾದ ಲ್ಯಾಟಿನ್ನಿನ ‘ನೆಸ್ಕಿಯುಸ್’ಗೆ ‘ಅರಿವಿಲ್ಲದ’ ಎಂದರ್ಥ. 14ನೆಯ ಶತಮಾನದ ಇಂಗ್ಲಿಷಿನಲ್ಲಿ ‘ನೈಸ್’ ಎಂದರೆ ದಡ್ಡ ಎಂದೇ ಆಗುತ್ತಿತ್ತು, ‘ಹಿತವಾದ’ ಎಂಬ ಅರ್ಥ ರೂಢಿಗೆ ಬಂದದ್ದು 18ನೆಯ ಶತಮಾನದಲ್ಲಿ. ಆದ್ದರಿಂದ ಮೊದಲು ಪದವಿರುವ ವಾಕ್ಯವನ್ನು ಓದಿ ಅರ್ಥ ಊಹಿಸಲಿ, ಬಳಿಕ ನಿಘಂಟಿನಲ್ಲಿ ಇಂದಿನ ಅರ್ಥವನ್ನು ಖಚಿತಪಡಿಸಿಕೊಳ್ಳಲಿ, ಮೂಲವನ್ನು ಕೊನೆಗೆ ನೋಡಲಿ.